ಬೆಳ್ತಂಗಡಿ ಬಸ್ಸಿನಲ್ಲಿ ಗೊಬ್ಬರದ ನೀರು

ಮೂಡುಬಿದಿರೆಯ ನಮ್ಮ ಮನೆಯಲ್ಲಿ ನನ್ನ ಸಂಶೋಧನೆಗಳಿಗೆ ಬೆಲೆಯೇ ಇಲ್ಲ. ಅಡುಗೆಮನೆಯ ಕಸ ಹಾಕುವ ಕಾಂಪೋಸ್ಟ್ ಡ್ರಮ್ಮಿನ ಅಡಿಯಿಂದ ಇಳಿಯುವ ಕಪ್ಪು ನೀರನ್ನು ನಾನು ಭಕ್ತಿಯಿಂದ ಕ್ಯಾನಿನಲ್ಲಿ ಹಿಡಿದಿಟ್ಟರೆ, ಹೆಂಡತಿ ಶಶಿಪ್ರಭಾ ಮೂಗಿಗೆ ಸೆರಗು ಹಿಡಿದಳು.

“ಇದೆಂಥ ಹಳಸಿದ ಸಾರು ಮಾರಾಯ್ರೇ? ಚರಂಡಿಗೆ ಚೆಲ್ಲಿ.”

“ಸಾರಲ್ಲ, ಸಾರ! ನೀರು ಬೆರೆಸಿದರೆ ಗಿಡಕ್ಕೆ ಅಮೃತ. ಬೆಳ್ತಂಗಡಿಗೆ, ನಿನ್ನ ಅಮ್ಮನ ತರಕಾರಿಗೆ ಕೊಂಡುಹೋಗ್ತೇನೆ.”

ಅಮ್ಮನ ಹೆಸರು ಕೇಳಿ ಮೆತ್ತಗಾದಳು. “ಹಾಗಾದ್ರೆ ಮುಚ್ಚಳ ಸ್ವಲ್ಪ ಸಡಿಲ ಇಡಿ. ಅದು ಒಳಗೇ ಹುಳಿ ಬರ್ತಾ ಉಂಟು.”

(ಹೆಂಡತಿಯ ಮಾತು ಕೇಳಿದ್ದರೆ ನಿಮಗೆ ಹೇಳಲು ನನ್ನಲ್ಲಿ ಕಥೆಯೇ ಇರುತ್ತಿರಲಿಲ್ಲ.) ಮುಚ್ಚಳವನ್ನು ಉಸಿರು ಕಟ್ಟಿ ತಿರುಗಿಸಿ, ಮೇಲೊಂದು ಪ್ಲಾಸ್ಟಿಕ್ ಬಿಗಿದು, ಬಸ್ಸು ಹತ್ತಿ, ಕ್ಯಾನನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡೆ.

ವೇಣೂರು ದಾಟುವಷ್ಟರಲ್ಲಿ ಬಿಸಿಲಿಗೆ ಕ್ಯಾನಿನ ಹೊಟ್ಟೆ ಉಬ್ಬಿತ್ತು. ಬಸ್ಸು ಒಂದು ಹೊಂಡಕ್ಕೆ ಎಗರಿದ್ದೇ ತಡ, ಢಬ್! ಮುಚ್ಚಳ ಛಾವಣಿಗೆ ಹಾರಿತು. ಅರ್ಧ ಕ್ಯಾನ್ ಅಮೃತ ನನ್ನ ನೆತ್ತಿಯಿಂದ ಶರಟಿನ ತನಕ ಅಭಿಷೇಕವಾಯಿತು. ಬಸ್ಸಿಗೆ ಬಸ್ಸೇ ಮೂಗು ಮುಚ್ಚಿಕೊಂಡಿತು.

“ಇದೆಂಥದ್ದು ಅಣ್ಣಾ?” ಕಂಡಕ್ಟರ್ ರಂಜಿತ್ ಓಡಿಬಂದ.

“ಗೊಬ್ಬರ.”

“ಗೊಬ್ಬರಕ್ಕೆ ಬೇಕಾದ್ರೆ ಟಿಕೆಟ್ ಕೊಡ್ತೇನೆ, ಈ ವಾಸನೆಗೆ ಎಷ್ಟು ಸೀಟು ಕೊಡುವುದು? ಇಳಿಯಿರಿ!”

ಇಳಿದಲ್ಲಿ ರಸ್ತೆಬದಿಗೊಂದು ಮನೆ. ಅಂಗಳದಲ್ಲಿದ್ದ ಹಿರಿಯ ಹೆಂಗಸು ಕಾವೇರಮ್ಮ ನನ್ನನ್ನು ನೋಡಿ ನಗಲಿಲ್ಲ, ಮೂಗೂ ಮುಚ್ಚಲಿಲ್ಲ. “ಮೊದಲು ಸ್ನಾನ ಮಾಡಿ, ಮತ್ತೆ ಮಾತಾಡುವ” ಎಂದು ಹಂಡೆಯ ಬಿಸಿನೀರು ಕೊಟ್ಟರು, ಗಂಡನ ಶರಟು ಕೊಟ್ಟರು, ಚಹಾವನ್ನೂ ಕೊಟ್ಟರು. ಒಡಹುಟ್ಟಿದ ಅಕ್ಕನೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ! ಉಳಿದ ಅರ್ಧ ಕ್ಯಾನನ್ನು ಅವರ ಮುಂದಿಟ್ಟೆ.

“ಒಂದು ಚೊಂಬಿಗೆ ಹತ್ತು ಚೊಂಬು ನೀರು ಬೆರೆಸಿ ಬುಡಕ್ಕೆ ಹಾಕಿ ಅಮ್ಮ. ಕೊಡ್ಲಿಕ್ಕೆ ನನ್ನ ಹತ್ತಿರ ಬೇರೆ ಏನೂ ಇಲ್ಲ.”

ಅತ್ತೆಯ ಮನೆಗೆ ಬರಿಗೈಯಲ್ಲಿ, ಇನ್ನೊಬ್ಬರ ಶರಟಿನಲ್ಲಿ ತಲುಪಿದೆ.

ಮರುತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ರಂಜಿತ್ ನನ್ನ ಕೈಗೆ ಒಂದು ದೊಡ್ಡ ಕಟ್ಟು ಅಲಸಂಡೆ ಕೊಟ್ಟ. ಕಾವೇರಮ್ಮ ಕಳಿಸಿದ್ದು, ಒಂದೊಂದೂ ಮೊಳದುದ್ದ! ಪಲ್ಯ ತಿಂದ ಶಶಿಪ್ರಭಾ, ಯಾರೂ ಹೇಳದೆಯೇ ಹೊಸ ಕ್ಯಾನ್ ತುಂಬಿಸಿದಳು. ಮುಚ್ಚಳವನ್ನು ನನಗೆ ಮುಟ್ಟಲೂ ಬಿಡಲಿಲ್ಲ.

ಇಸ್ತ್ರಿ ಮಾಡಿದ ಆ ಶರಟು, ಕ್ಯಾನು ಹಿಡಿದು ಕಾವೇರಮ್ಮನಿಗೆ ಕೈಮುಗಿದು ಬರಲು ಹೊರಟೆ. ರಂಜಿತ್ ಎರಡೂ ಕೈ ಚಾಚಿ ಕ್ಯಾನನ್ನು ಬರಮಾಡಿಕೊಂಡು, ಡ್ರೈವರನ ಪಕ್ಕದಲ್ಲಿ ಜೋಪಾನವಾಗಿ ಇರಿಸಿದ.

“ಇದರಲ್ಲಿ ನನ್ನ ಹೆಂಡತಿಯ ಬಸಳೆಗೂ ಪಾಲುಂಟಂತೆ. ಕಾವೇರಮ್ಮ ಹೇಳಿದ್ದಾರೆ. ಶರಟೂ ಕೊಡಿ, ಮುಟ್ಟಿಸ್ತೇನೆ.”

ಕೊಟ್ಟೆ. ಹೃದಯ ತುಂಬಿ ಮೆಟ್ಟಿಲಿಗೆ ಕಾಲಿಟ್ಟೆ. ಅವನು ಬಾಗಿಲಿಗೆ ಅಡ್ಡ ನಿಂತ.

“ಕ್ಯಾನ್ ಬರ್ಲಿ ಅಣ್ಣಾ. ನೀವು ಹಿಂದೆ ಬರುವ ಬಸ್ಸಿಗೆ ಬನ್ನಿ” ಎಂದು ಸೀಟಿ ಊದಿದ.