ಗಾದಿಯ ಮೇಲೆ ಥೈರಾಯ್ಡ್

ಅಂಗಡಿ ಇಟ್ಟವನು ನಗೆಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಅದು ದಿನಾ ತಾನೇ ಮೆಟ್ಟಿಲು ಹತ್ತಿ ಬರುತ್ತದೆ. ಖಾಸಬಾಗದ ನಮ್ಮ ಸೀರೆ ಅಂಗಡಿಯಲ್ಲಿ ಕೂತು ನಾನು ಗಿರಾಕಿಗಳನ್ನು ನೋಡಿ ಬಹಳ ನಕ್ಕಿದ್ದೇನೆ. ಎಂಬತ್ತರ ದಶಕದ ನಡುವೆ ಒಂದು ವರ್ಷ ಮಾತ್ರ ಅವರು ನನ್ನನ್ನು ನೋಡಿ ನಕ್ಕರು.

೧. ತಂಪು ಸೀರೆ

ಆ ಬೇಸಿಗೆಯಲ್ಲಿ ಊರೆಲ್ಲ ಬೀಸಣಿಗೆ ಹಿಡಿದು ಕೂತಿದ್ದರೆ ನನಗೆ ಚಳಿ. ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ ಗಾದಿಯ ಮೇಲೆ ಕೂರುತ್ತಿದ್ದೆ. ಮುಖ ಊದಿತ್ತು. ದನಿ ದಪ್ಪಗಾಗಿತ್ತು. ಒಂದು ಮಾತು ಹೊಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ ಗಿರಾಕಿ ಮೂರನೇ ಸೀರೆ ಬಿಚ್ಚಿಸಿರುತ್ತಿದ್ದಳು.

ಒಬ್ಬ ಹೆಣ್ಣುಮಗಳಿಗೆ ನೂಲಿನ ಸೀರೆ ತೋರಿಸಿ, ಬಹಳ ತಂಪು, ಬೇಸಿಗೆಗೆ ಇಂಥದ್ದು ಇನ್ನೊಂದಿಲ್ಲ ಎಂದೆ. ಆಕೆ ಸೀರೆ ನೋಡಿದಳು, ನನ್ನ ಸ್ವೆಟರ್ ನೋಡಿದಳು.

“ಇಷ್ಟ ತಂಪ ಬ್ಯಾಡ್ರಿ. ಬಾಜೂಕ ಇಟ್ಟಗೊಂಡು ಕುಂತ ನಿಮಗ ಹಿಂಗ ಥಂಡಿ ಹತ್ತೇತಿ, ಉಟ್ಟಗೊಂಡ್ರ ನನ್ನ ಗತಿ ಏನು?”

ಆ ಹೊತ್ತಿಗೆ ಅಂಗಡಿಯಲ್ಲಿ ನಮ್ಮಣ್ಣ ಇದ್ದ. ಖಾನಾಪುರದ ನಮ್ಮ ಇನ್ನೊಂದು ಅಂಗಡಿಯನ್ನು ನೋಡಿಕೊಳ್ಳುವವನು ಅವನೇ, ಮನೆಗೆ ಹಿರಿಯ. ಗಿರಾಕಿ ಹೋದ ಮೇಲೆ ನನಗೆ ವಿಶ್ರಾಂತಿ ಬೇಕೆಂದ. ದೀಪಾವಳಿಯ ಲಕ್ಷ್ಮೀಪೂಜೆಗೆ ಈ ಗಾದಿಯ ಮೇಲೆ ಅತ್ತಿಗೆಯ ತಮ್ಮನನ್ನು ಕೂರಿಸೋಣವೆಂದ. ನಮ್ಮಲ್ಲಿ ಪೂಜೆಯ ದಿನ ಗಾದಿಯ ಮೇಲೆ ಕೂತವನೇ ಮಾಲಕ. ಇಳಿದವನಿಗೆ ಉಳಿಯುವುದು ಸೀರೆ ಮಡಚುವ ಕೆಲಸ. ಇನ್ನೂ ನಲವತ್ತು ದಾಟಿದವನಷ್ಟೇ ನಾನು, ಕೂರುವ ಶಕ್ತಿ ನನಗಿನ್ನೂ ಐತಿ ಎಂದೆ.

“ಕುಂದ್ರಾಕ ಯಾರ ಬ್ಯಾಡ ಅಂದ್ರೋ? ನೀ ಮಲಗಾಕ ಹತ್ತೀದಿ,” ಎಂದ.

೨. ಒಂದೇ ದರ

ಹೆಂಡತಿ ಎಳೆದುಕೊಂಡು ಡಾಕ್ಟರರ ಬಳಿಗೆ ಹೋದಳು. ಅವರು ನನ್ನನ್ನು ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿ, ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ಬಡಿದರು. ಪಾದ ಟಕ್ಕನೆ ಹಾರಿತು, ನಿಧಾನಕ್ಕೆ ವಾಪಸು ಬಂತು.

“ನೋಡ್ರಿ, ತವರಮನಿಗೆ ಹೋದ ಸೊಸಿ ಆಗೇತಿ ನಿಮ್ಮ ಕಾಲು. ಹೋಗೂದು ಜಲ್ದಿ, ಬರೂದು ತಡಾ,” ಎಂದರು.

ರಕ್ತ ತೆಗೆದು ಮುಂಬೈಗೆ ಕಳಿಸಿದರು. ನಾವು ಹುಟ್ಟಾ ಮುಂಬೈಯಿಂದ ಸರಕು ತರಿಸಿದವರು, ನಮ್ಮ ಸರಕು ಆ ಕಡೆ ಹೋದದ್ದು ಅದೇ ಮೊದಲು. ಉತ್ತರ ಬಂತು: ಕುತ್ತಿಗೆಯಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ, ಅದು ಕೆಲಸ ಕಡಿಮೆ ಮಾಡಿದೆ. ಹೆದರಬೇಕಾದ್ದಿಲ್ಲ, ದಿನಕ್ಕೊಂದು ಸಣ್ಣ ಗುಳಿಗೆ ತಗೊಂಡರೆ ಮೊದಲಿನ ಹಾಗೆ ಆಗುತ್ತೀರಿ, ಆದರೆ ಅದನ್ನು ಜೀವನಪೂರ್ತಿ ತಗೋಬೇಕು ಎಂದರು.

ನಾನು ವ್ಯಾಪಾರಿ, ಮೊದಲು ಹೇಳಿದ್ದಕ್ಕೆ ಒಪ್ಪಿ ಎದ್ದವನಲ್ಲ. ಒಂದು ವರ್ಷಕ್ಕೆ ಮುಗಿಸೋಣ ಎಂದೆ. ಅವರು ತಲೆ ಅಲ್ಲಾಡಿಸಿದರು. ಎರಡಕ್ಕೆ ಏರಿದೆ. ಕೊನೆಗೆ ಐದು ವರ್ಷ, ನಿಮ್ಮದೂ ಬೇಡ ನಮ್ಮದೂ ಬೇಡ ಎಂದೆ.

“ನಿಮ್ಮ ಅಂಗಡ್ಯಾಗ ‘ಒಂದೇ ದರ’ ಅಂತ ಹಲಗಿ ತೂಗಹಾಕೀರಿ. ಇದೂ ಹಂಗ.”

“ಹಲಗಿ ಇದ್ದರೂ ನಾವು ಬಿಡತೇವ್ರಿ.”

“ನಾ ಬಿಡೂದಿಲ್ಲ,” ಎಂದು ಡಾಕ್ಟರರು ಚೀಟಿ ಬರೆದರು.

೩. ಅವ್ವನ ಚಾ

ಗುಳಿಗೆಯನ್ನು ಎದ್ದ ಕೂಡಲೇ ಬರಿ ಹೊಟ್ಟೆಯಲ್ಲಿ ನುಂಗಬೇಕು. ನಮ್ಮ ಮನೆಯಲ್ಲೋ ಜಳಕ ಮಾಡಿ ಲಿಂಗಪೂಜೆ ಮುಗಿಯದೆ ಬಾಯಿಗೆ ಏನೂ ಹೋಗುವಂತಿಲ್ಲ. ಪೂಜೆ ಮುಗಿದರೆ ಪ್ರಸಾದ, ಅದರ ಬೆನ್ನಿಗೇ ರೊಟ್ಟಿ. ಆಮೇಲೆ ಹೊಟ್ಟೆ ಬರಿದೆಲ್ಲಿ? ಗುಳಿಗೆ ಡಬ್ಬಿ ಹಿಡಿದು ನಿಂತ ನನಗೆ ಅವ್ವ ಬಾಗಿಲಿಗೇ ಅಡ್ಡ ನಿಂತಳು. ಆಕೆಯ ಕೈಯಲ್ಲಿ ಹಬೆಯಾಡುವ ಚಾ ಇತ್ತು.

ನಿನ್ನ ಪೂಜೆ ಆಯಿತೇನು ಎಂದು ಕೇಳಿದೆ.

“ಚಾದ ಮಾತ ಬ್ಯಾರೆ. ಅದನ್ನ ಕುಡೀದ ಪೂಜಿಗೆ ಕುಂತರ ಕಣ್ಣ ತೆರ್‍ಯಾಂಗಿಲ್ಲ ನನಗ.”

“ನನಗೂ ಗುಳಿಗಿ ನುಂಗದ ಕಣ್ಣ ತೆರ್‍ಯಾಂಗಿಲ್ಲ, ಯವ್ವಾ.”

ಅವ್ವ ಚಾ ಗುಟುಕರಿಸಿದಳು. “ಆತು, ನುಂಗು. ಆದರ ಚಾ ಜೋಡಿ ನುಂಗು, ಶಾಸ್ತ್ರಕ್ಕ ಬರತೈತಿ.”

ಡಾಕ್ಟರರು ನೀರಿನ ಜೋಡಿಯೇ ನುಂಗಬೇಕು ಅಂದಿದ್ದಾರೆಂದು ಹೇಳಿದಾಗ, ಅವರು ಯಾವ ಮಠದವರು ಎಂದು ವಿಚಾರಿಸಿದಳು.

೪. ಹೆಣ್ಣುಮಕ್ಕಳ ಬ್ಯಾನಿ

ಬಾಜು ಮನೆಯ ಕಾಕೂಗೂ ಇದೇ ಗುಳಿಗೆ ನಡೆದಿತ್ತು. ಇದು ಹೆಣ್ಣುಮಕ್ಕಳ ಬ್ಯಾನಿಯಲ್ಲವೇ, ನಿನಗೆ ಹೇಗೆ ಬಂತು ಎಂದು ಆಕೆಗೆ ಬಹಳ ಆಶ್ಚರ್ಯ. ಮೂರು ಹೊತ್ತೂ ಅವರ ನಡುವೆ ಕೂತು ಸೀರೆ ಮಾರುತ್ತೇನಲ್ಲ, ಅಂಟಿರಬೇಕು ಎಂದು ನಗೆಗೆ ಹೇಳಿದೆ. ಆಕೆ ನಗಲಿಲ್ಲ.

ಮರುದಿನ ನಮ್ಮ ಓಣಿಯ ಬಳೆಗಾರ ಡಾಕ್ಟರರ ಮುಂದೆ ಕುತ್ತಿಗೆ ಚಾಚಿ ಕೂತಿದ್ದ.

೫. ಇಚಲಕರಂಜಿಯ ದಲಾಲ

ಮಳೆಗಾಲ ಮುಗಿಯುವಷ್ಟರಲ್ಲಿ ಸ್ವೆಟರ್ ಪೆಟ್ಟಿಗೆ ಸೇರಿತು, ದನಿ ತಿಳಿಯಾಯಿತು. ಖಾನಾಪುರದ ಬಸ್ಸಿನಲ್ಲಿ ನಿದ್ದೆ ಹೋಗದೆ ಕೂತು, ದಾರಿಯಲ್ಲಿ ಇಷ್ಟೊಂದು ಗಿಡಗಳಿವೆಯಲ್ಲ ಎಂದು ಹೊಸಬನ ಹಾಗೆ ನೋಡಿದೆ.

ದೀಪಾವಳಿಯ ಸರಕನ್ನು ಅಣ್ಣನ ಅಂಗಡಿಯಲ್ಲಿ ಖರೀದಿ ಮಾಡುವುದಿತ್ತು. ಮಾತು ನೀನೇ ಆಡು, ನಾ ನೋಡುತ್ತೇನೆ, ಗಾದಿಯ ವಿಚಾರ ಆಮೇಲೆ ಎಂದ ಅಣ್ಣ. ಅತ್ತಿಗೆಯ ತಮ್ಮ ಇಸ್ತ್ರಿಯ ಅಂಗಿ ತೊಟ್ಟು ಬಾಜೂಕೆ ಬಂದು ಕೂತ.

ಇಚಲಕರಂಜಿಯ ದಲಾಲ ಗಂಟು ಬಿಚ್ಚಿ ದರ ಹೇಳಿದ. ಗುಣವಾದ ಹುರುಪು ನನಗೆ. ಅವನ ಬಾಯಿ ಮುಚ್ಚುವ ಮೊದಲೇ ನನ್ನ ದರ ಹೇಳಿಬಿಟ್ಟೆ. ಅವನು ನನ್ನನ್ನು ಬಿಟ್ಟು ಅಣ್ಣನ ಕಡೆ ತಿರುಗಿದ.

“ಸಾವ್ಕಾರ್‍ರಿಗೆ ಆರಾಮಿಲ್ಲೇನ್ರಿ? ಮಾತಾಡಾಕತ್ತಾರಲ್ಲ?”

ಅಣ್ಣನಿಗೆ ತಿಳಿಯಲಿಲ್ಲ. ದಲಾಲ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದ. ಮಳೆಗಾಲದ ಮೊದಲು ಖಾಸಬಾಗಕ್ಕೆ ಸರಕು ತಂದಿದ್ದನಂತೆ.

“ದರಾ ಹೇಳಿದ್ನಿ. ಹೂಂ ಇಲ್ಲ, ಊಹೂಂ ಇಲ್ಲ. ಇಳಿಸಿದ್ನಿ. ಮತ್ತ ಸುಮ್ಮಕ. ಇನ್ನೊಮ್ಮಿ ಇಳಿಸಿದ್ನಿ. ಕಣ್ಣ ಮುಚ್ಚಿಬಿಟ್ರು. ಮಂದ್ಯಾಗ ಇಂಥಾ ಗಟ್ಟಿ ಗಿರಾಕಿ ಇರತಾರಂತ ನನಗ ಗೊತ್ತಿರಲಿಲ್ಲರಿ. ಹೆದರಿ ನನ್ನ ದಲಾಲಿ ಸುದ್ದಾ ಬಿಟ್ಟು ಸರಕ ಇಳಿಸಿ ಬಂದ್ನಿ.”

ನನಗೆ ಆ ದಿನದ ನೆನಪೇ ಇಲ್ಲ. ಎಚ್ಚರವಾದಾಗ ಮುಂದೆ ಸೀರೆಯ ಗಂಟಿತ್ತು, ಅಷ್ಟೇ. ಆ ಸರಕು ಅಷ್ಟು ಅಗ್ಗಕ್ಕೆ ಹೇಗೆ ಬಂತೆಂದು ಅಣ್ಣ ಅವತ್ತಿನಿಂದ ತಲೆ ಕೆರೆದುಕೊಳ್ಳುತ್ತಿದ್ದ. ಈಗ ಅವನು ನನ್ನ ಮುಖವನ್ನು ಹೊಸದಾಗಿ ನೋಡತೊಡಗಿದ.

ನಾನು ಬಾಯಿ ಮುಚ್ಚಿಕೊಂಡೆ. ಈ ಸಲ ಪೂರಾ ಎಚ್ಚರದಲ್ಲಿ. ದಲಾಲ ಮತ್ತೊಮ್ಮೆ ದರ ಹೇಳಿದ, ನಾನು ಮೇಲಿನ ತೊಲೆ ನೋಡಿದೆ. ಅತ್ತಿಗೆಯ ತಮ್ಮನಿಗೆ ತಡೆಯಲಾಗದೆ, ದರ ಚಲೋ ಐತಲ್ರಿ ಎಂದುಬಿಟ್ಟ. ಅಣ್ಣ ಅವನನ್ನು ಚಾ ಹೇಳಿ ಬಾ ಎಂದು ಹೊರಗೆ ಕಳಿಸಿದ. ನಾನು ನಿಧಾನಕ್ಕೆ ಕಣ್ಣು ಮುಚ್ಚಿದೆ.

“ನೋಡ್ರಿ, ಮತ್ತ ಚಾಲೂ ಆತು,” ಎಂದು ದಲಾಲ ಟೋಪಿ ತೆಗೆದು ಬೆವರು ಒರೆಸಿಕೊಂಡು ದರ ಇಳಿಸಿದ.

ಬಸ್ ನಿಲ್ದಾಣದ ತನಕ ಅಣ್ಣ ಕಳಿಸಲು ಬಂದ. ಗಾದಿ ನಿನ್ನದೇ, ಪೂಜೆಗೆ ನೀನೇ ಕೂರು, ಆ ಹುಡುಗನಿಗೆ ಬೇರೆ ಏನಾದರೂ ನೋಡೋಣ ಎಂದ. ನಾನು ಬಸ್ ಹತ್ತಿದ ಮೇಲೂ ಹೋಗದೆ, ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದ.

“ತಮ್ಮಾ, ಡಾಕ್ಟರರಿಗೆ ಒಂದ ಮಾತ ಕೇಳಿ ನೋಡು. ಖರೀದಿ ಇದ್ದ ದಿನ ಅಷ್ಟ ಆ ಗುಳಿಗಿ ಬಿಟ್ರ ನಡೀತೈತೇನು?”