ಆ ಕೋಟಿನ ಬಲತೋಳು

ನಮ್ಮ ಮನೆಯ ಮುಂದಿನ ಕೋಣೆಯಿಂದ ಇಡೀ ದಿನ ಒಂದೇ ಸದ್ದು. ಕಟಕಟಕಟ, ಸ್ವಲ್ಪ ಮೌನ, ಮತ್ತೆ ಕಟಕಟಕಟ. ಅದು ಅಮ್ಮನ ಹೊಲಿಗೆ ಯಂತ್ರ. ನಾನು ಹುಟ್ಟುವ ಮೊದಲಿನಿಂದಲೂ ಇರುವ ಸದ್ದಾದ್ದರಿಂದ ನನ್ನ ಕಿವಿ ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಆದರೆ ಕಳೆದ ಎಂಟು ದಿನಗಳಿಂದ ಆ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಸೇರಿಕೊಂಡಿದೆ. ಅಮ್ಮ ಗುನುಗುತ್ತಾಳೆ. ನಾನು ಬಾಗಿಲಿಗೆ ಬಂದು ನಿಂತರೆ ನಿಲ್ಲಿಸಿಬಿಡುತ್ತಾಳೆ.

ಅದು ಹೊರಗಿನವರು ಇನ್ನೂ ಕೇಳದ ಹಾಡು. ನನ್ನವನ ಹಾಡು. (ನನ್ನವನು ಎಂದರೆ ಗಾಬರಿಯಾಗಬೇಡಿ. ಅಪ್ಪನೂ ಮೊದಲು ಗಾಬರಿಯಾಗಿದ್ದರು. ಆತ ಗಾಯಕ. ನಾನೆಂಬ ಜೀವ ಭೂಮಿಯ ಮೇಲಿದೆ ಎಂಬುದೇ ಆತನಿಗೆ ಗೊತ್ತಿಲ್ಲ.) ಆರು ವರ್ಷ ಆತನನ್ನು ಆರಾಧಿಸಿದವಳು ನಾನು, ಹಾಡು ಕೇಳಿಕೊಂಡು ಬಂದವಳು ಅಮ್ಮ. ಇದನ್ನು ಯಾರ ಮುಂದಾದರೂ ಹೇಳಿಕೊಳ್ಳದಿದ್ದರೆ ನನ್ನ ಹೊಟ್ಟೆಯ ಕಿಚ್ಚಿನಲ್ಲಿ ನಮ್ಮ ಮನೆಯ ಅಡುಗೆ ಬೇಯಿಸಬಹುದು.

ಆತ ಮೊದಲು ಮೂವರ ತಂಡದಲ್ಲಿ ಗಿಟಾರ್ ನುಡಿಸುತ್ತಾ ಹಾಡುತ್ತಿದ್ದ. ತಂಡ ಒಡೆಯಿತು. ನಾನು ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಆಮೇಲೆ ಒಬ್ಬನೇ ಒಂದು ಆಲ್ಬಮ್ ತರುತ್ತಾನೆಂಬ ಸುದ್ದಿ ಬಂತು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಮಾರ್ಚ್ ಎಂದರು, ಜೂನ್ ಎಂದರು, ಕೊನೆಗೆ "ಕಲಾತ್ಮಕ ಕಾರಣಗಳಿಂದ ಮುಂದೂಡಲಾಗಿದೆ" ಎಂದರು. ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ ಜೊತೆಗೆ ನಾಲ್ಕು ಪ್ರಚಾರದ ಫೋಟೋಗಳನ್ನು ಬಿಟ್ಟರು.

ಫೋನಿನಲ್ಲಿ ನಮ್ಮದೊಂದು ಅಭಿಮಾನಿಗಳ ಬಳಗವಿದೆ. ಆ ನಾಲ್ಕು ಫೋಟೋಗಳ ಮೇಲೆ ಬಳಗದ ಇನ್ನೂರ ಹದಿಮೂರು ಮಂದಿ ಹದ್ದುಗಳ ಹಾಗೆ ಇಳಿದೆವು. ಇಳಿಯಲು ಕಾರಣವೂ ಇತ್ತು. ಈ ಫೋಟೋಗಳ ಬಗ್ಗೆ ಯಾರು ಚೆನ್ನಾಗಿ ಬರೆಯುತ್ತಾರೋ ಅವರನ್ನು ಕರೆಸಿ, ಬಿಡುಗಡೆಗೆ ಮೊದಲೇ ಇಡೀ ಆಲ್ಬಮ್ ಕೇಳಿಸುವುದಾಗಿ ಆತನ ಕಡೆಯವರು ಪ್ರಕಟಿಸಿದ್ದರು. ಒಂದು ಬಳಗಕ್ಕೆ ಒಂದೇ ಕುರ್ಚಿ.

ಆ ಕುರ್ಚಿ ನನ್ನದೇ ಎಂದು ನಾನು ಅಂದುಕೊಂಡಿದ್ದೆ. ಅಡ್ಡವಿದ್ದವಳು ಒಬ್ಬಳೇ, ನಾವೆಲ್ಲ 'ಮೊದಲ ಸಾಲು' ಎಂದು ಕರೆಯುವವಳು. ಒಮ್ಮೆ ಆತನ ಕಾರ್ಯಕ್ರಮವನ್ನು ಮೊದಲ ಸಾಲಿನಲ್ಲಿ ಕೂತು ನೋಡಿದ್ದಾಳೆ. ಆತನ ಬೆವರಿನ ಹನಿಯೊಂದು ಅವಳ ಚಪ್ಪಲಿಯ ಮೇಲೆ ಬಿತ್ತಂತೆ. ಆ ಚಪ್ಪಲಿಯನ್ನು ಇವತ್ತಿಗೂ ಒರೆಸಿಲ್ಲವಂತೆ. ದಿನಕ್ಕೊಂದು ಸಲ ಚಪ್ಪಲಿಯ ಫೋಟೋ ಹಾಕುತ್ತಾಳೆ. (ನನಗೆ ಕಾಣುವುದು ಬರೀ ಧೂಳು.)

ನಾನು ಬರೆದೆ: "ಬೂದು ಕೋಟು, ಬೆಳಗಾಗುವ ಮುಂಚಿನ ಮೌನ. ಕಿಟಕಿಯ ಪರದೆಯ ಹಿಂದೆ, ಕುರ್ಚಿಯ ಬೆನ್ನಿನ ಹಿಂದೆ, ಕಂಬದ ಹಿಂದೆ ಮರೆಯಾಗುವ ಆ ಬಲಗೈ, ಹೇಳದೆ ಉಳಿದ ಒಂದು ವಿದಾಯ." ಏಳು ಜನ ಮೆಚ್ಚಿದರು. (ಅದರಲ್ಲೊಂದು ಮೆಚ್ಚುಗೆ ಅಪ್ಪನ ಫೋನಿನಿಂದ ನಾನೇ ಒತ್ತಿದ್ದು.)

ಅಮ್ಮನಿಗೂ ಓದಿ ಹೇಳಿದೆ. ಅವಳ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಕನ್ನಡಕವನ್ನು ಹಣೆಗೇರಿಸಿ, ನನ್ನ ಫೋನನ್ನು ಬಟ್ಟೆ ಪರೀಕ್ಷಿಸುವಂತೆ ಬೆಳಕಿಗೆ ಹಿಡಿದಳು.

"ಈ ಕೋಟು ಇವನದ್ದಲ್ಲ."

"ಅಮ್ಮಾ, ಭಾವ ನೋಡು."

"ಭಾವ ಆಮೇಲೆ. ಭುಜ ನೋಡು. ಹೊಲಿಗೆ ಭುಜದಿಂದ ಒಂದಿಂಚು ಕೆಳಗೆ ಕೂತಿದೆ. ಯಾರೋ ದಪ್ಪಗಿರೋರ ಕೋಟು. ಬೆನ್ನಲ್ಲಿ ಪಿನ್ನು ಹಾಕಿ ಎಳೆದಿದಾರೆ, ಇಲ್ಲಿ ಪಕ್ಕೆಲಿ ಹೇಗೆ ನೆರಿಗೆ ಬಿದ್ದಿದೆ!"

"ಅದೊಂದು ಶೈಲಿ ಅಮ್ಮ."

"ಸುಡುಗಾಡು ಶೈಲಿ. ಈ ನಾಲ್ಕನೇ ಫೋಟೋದಲ್ಲಿ ಎಡತೋಳು ನೋಡು, ನೀರು ಇಳಿದ ಹಾಗೆ ಇಳಿದಿದೆ. ಬಲತೋಳು? ಕೊಳವೆ ಹಾಗೆ ನಿಂತಿದೆ. ಒಳಗಡೆ ಹೊಲಿಗೆ ಬಿಚ್ಚಿ, ಕೈ ತೂರಿಸಿ, ಮತ್ತೆ ಕೈಯಲ್ಲೇ ಹೊಲಿದು ಮುಚ್ಚಿದಾರೆ. ಒಳಗೆ ಏನೋ ಗಟ್ಟಿ ಇದೆ ಕಣೇ. ಪ್ಲಾಸ್ಟರ್. ಪಾಪ, ಕೈ ಮುರ್ಕೊಂಡಿದಾನೆ. ಸ್ವಂತ ಕೋಟಲ್ಲಿ ಕೈ ತೂರ್ಲಿಲ್ಲ ಅಂತ ಬೇರೆಯೋರದ್ದು ತಂದಿದಾರೆ. ಗಿಟಾರ್ ಬಾರ್ಸೋನು ಅಂತಿದ್ದೆ ತಾನೇ? ಅದಕ್ಕೇ ತಡ ಆಗಿರೋದು."

ಹೀಗೆಂದು ಪಿನ್ನುಗಳನ್ನು ಮತ್ತೆ ಬಾಯಿಗಿಟ್ಟುಕೊಂಡು ಕೆಲಸಕ್ಕೆ ತೊಡಗಿದಳು. ಆರು ವರ್ಷಗಳ ನನ್ನ ಭಕ್ತಿಗೆ ಕಾಣದ್ದು ಅವಳಿಗೆ ಅರ್ಧ ನಿಮಿಷದಲ್ಲಿ ಕಂಡಿತ್ತು.

ಮುಂದಿನದನ್ನು ಹೇಳಲು ಸ್ವಲ್ಪ ನಾಚಿಕೆ. ನಾನು ನನ್ನ ಕೋಣೆಗೆ ಹೋಗಿ, ಅಮ್ಮ ಹೇಳಿದ್ದನ್ನೆಲ್ಲ ಬಳಗದಲ್ಲಿ ನನ್ನ ಹೆಸರಿನಲ್ಲೇ ಬರೆದೆ. ತಾಯಿಯ ವಿದ್ಯೆ ಮಗಳಿಗಲ್ಲದೆ ಇನ್ಯಾರಿಗೆ ಎಂದು ಸಮಾಧಾನವನ್ನೂ ಮಾಡಿಕೊಂಡೆ.

"ಯಾವಾಗಿಂದ ಡಾಕ್ಟರಾದೆ ನೀನು?" ಎಂದು ಮೊದಲ ಸಾಲು ಕೆಣಕಿದಳು. ನಾಲ್ಕೇ ದಿನಕ್ಕೆ ಆತನ ಕಡೆಯವರು ಒಪ್ಪಿಕೊಂಡರು: ಮೆಟ್ಟಿಲಿನಿಂದ ಬಿದ್ದು ಬಲಗೈ ಮುರಿದಿದೆ, ಗಿಟಾರಿನ ಭಾಗಗಳು ಬಾಕಿ ಇವೆ, ಅಭಿಮಾನಿಗಳು ಕ್ಷಮಿಸಬೇಕು. ಬಳಗದಲ್ಲಿ ನಾನು ತ್ರಿಕಾಲಜ್ಞಾನಿಯಾದೆ. ಮೊದಲ ಸಾಲು ಮೂರು ದಿನ ಚಪ್ಪಲಿಯ ಫೋಟೋ ಹಾಕಲಿಲ್ಲ. ಅವಳ ಹೊಟ್ಟೆಯುರಿಯ ತಂಗಾಳಿ ನನ್ನ ಕಿಟಕಿಯವರೆಗೂ ಬೀಸುತ್ತಿತ್ತು. ಅಷ್ಟು ಸುಖವಾದ ಮೂರು ದಿನಗಳನ್ನು ನಾನು ಮತ್ತೆ ಕಂಡಿಲ್ಲ.

ಕುರ್ಚಿ ನನ್ನದೆಂದು ಆತನ ಕಡೆಯವರು ಬರೆದರು. ಅದಕ್ಕೆ ಮೊದಲು ಒಂದು ಸಣ್ಣ ಮಾತುಕತೆ ಇರುತ್ತದಂತೆ. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಮುಖಾಮುಖಿ, ಬಳಗದವರೆಲ್ಲ ನೋಡುತ್ತಿರುತ್ತಾರೆ. ಆತನ ಉಡುಪುಗಳನ್ನು ನೋಡಿಕೊಳ್ಳುವ ಹೆಂಗಸು ನನ್ನನ್ನು ಮಾತಾಡಿಸಬೇಕೆಂದು ಹಟ ಹಿಡಿದಿದ್ದಾರಂತೆ.

ಭಾನುವಾರ ಚೆನ್ನಾಗಿ ತಲೆ ಬಾಚಿಕೊಂಡು ಕೂತೆ. ನನ್ನ ಬೆನ್ನ ಹಿಂದೆ, ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಯಂತ್ರದ ಸದ್ದು ಬರುತ್ತಿತ್ತು. ಮುಚ್ಚಬೇಕೆಂದು ನನಗೆ ಹೊಳೆಯಲೇ ಇಲ್ಲ, ಆ ಸದ್ದು ನನ್ನ ಕಿವಿಗೆ ಬೀಳುವುದಿಲ್ಲವಲ್ಲ.

ಉಡುಪಿನಾಕೆ ನಗುತ್ತಾ ಕೇಳಿದರು, "ಒಳಗಡೆ ಹೊಲಿಗೆ ಬಿಚ್ಚಿದ್ದು ನಿಮಗೆ ಹೇಗೆ ಗೊತ್ತಾಯ್ತು? ನಮ್ಮ ಫೋಟೋ ತೆಗೆದೋರಿಗೇ ಗೊತ್ತಾಗ್ಲಿಲ್ಲ."

ನಾನು ಕಣ್ಣು ಅರ್ಧ ಮುಚ್ಚಿದೆ. "ಆ ತೋಳಿನಲ್ಲಿ ಒಂದು ವಿಷಾದ ಇತ್ತು."

ಯಂತ್ರ ನಿಂತಿತು.

"ವಿಷಾದ ಅಲ್ಲ ಕಣೇ, ಸುಕ್ಕು!"

ಇನ್ನೂರ ಹದಿಮೂರು ಜನರ ಎದುರಿಗೆ ಅಮ್ಮ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡು ಬಂದು ನನ್ನ ಪಕ್ಕ ಕೂತಳು. ಕೂತವಳು ಉಡುಪಿನಾಕೆಯನ್ನೇ ದಬಾಯಿಸಿದಳು. "ಅಲ್ಲಮ್ಮಾ, ಬಿಚ್ಚೋದು ಬಿಚ್ಚಿದ್ರಿ, ಹಿಂದಿನ ಹೊಲಿಗೆ ಬಿಚ್ಚಬಾರದಿತ್ತಾ? ಮೊಣಕೈ ಹತ್ರ ಒಂದು ತುಂಡು ಬಟ್ಟೆ ಸೇರಿಸಿದ್ರೆ ದೇವರಿಗೂ ಗೊತ್ತಾಗ್ತಿರಲಿಲ್ಲ."

"ಅದನ್ನೇ ನಾನೂ ಬಡ್ಕೊಂಡೆ ಆಂಟಿ! ಟೈಮಿಲ್ಲ ಅಂದ್ರು. ನನ್ನ ಮಾತು ಯಾರು ಕೇಳ್ತಾರೆ ಅಲ್ಲಿ?"

"ಎಲ್ಲಾ ಕಡೆ ಅದೇ ಹಣೆಬರಹ ಬಿಡು. ಹೊಲಿಯೋರ ಮಾತು ಯಾರಿಗೂ ಬೇಡ."

ಅರ್ಧ ಗಂಟೆ ಮಾತಾಡಿದರು. ಅಮ್ಮ ಆರಾಮವಾಗಿ ಸರಿದು ಕೂತಷ್ಟೂ ನಾನು ಚಿತ್ರದಿಂದ ಹೊರಗೆ ಹೋದೆ. ಮೊದಲು ನನ್ನ ಅರ್ಧ ಮುಖ ಕಾಣುತ್ತಿತ್ತು, ಆಮೇಲೆ ಒಂದು ಕಿವಿ, ಆಮೇಲೆ ಅದೂ ಇಲ್ಲ.

ಕುರ್ಚಿ ಆಂಟಿಗೇ ಸಲ್ಲಬೇಕೆಂದು ಬಳಗ ಒಕ್ಕೊರಲಿನಿಂದ ಕೂಗಿತು. ಮೊದಲು ಕೂಗಿದವಳು ಯಾರೆಂದು ಹೇಳಬೇಕಾಗಿಲ್ಲ. ನಾನು ಅಮ್ಮನ ಮುಖವನ್ನೇ ನೋಡುತ್ತಿದ್ದೆ. 'ನನಗ್ಯಾಕೆ ಹಾಡು ಗೀಡು, ಮಗಳನ್ನ ಕರೀರಿ' ಎನ್ನುತ್ತಾಳೆ, ತಾಯಿ ತಾನೇ.

ಅಮ್ಮ ಅಳತೆಪಟ್ಟಿಯನ್ನು ಸರಿಮಾಡಿಕೊಂಡು ಕೇಳಿದಳು, "ಯಾವತ್ತು ಬರ್ಬೇಕು?"

ಅವತ್ತಿನಿಂದ ಬಳಗದಲ್ಲಿ ನನ್ನ ಹೆಸರು 'ಆಂಟಿ ಮಗಳು'. ಅಮ್ಮನನ್ನೂ ಸೇರಿಸಿಕೊಂಡಿದ್ದಾರೆ. ಬೆಳಿಗ್ಗೆ ಎದ್ದರೆ "ಆಂಟಿ, ತಿಂಡಿ ಆಯ್ತಾ?" ಮೊದಲ ಸಾಲು ತನ್ನ ಅಂಗಿಯ ಕತ್ತು ಯಾಕೆ ಸರಿ ಕೂರುವುದಿಲ್ಲವೆಂದು ಫೋಟೋ ಕಳಿಸಿ ಕೇಳಿದ್ದಾಳೆ. ಅಮ್ಮ ಅವಳಿಗೆ "ಕಂದಾ" ಎಂದು ಉತ್ತರ ಬರೆದಿದ್ದಾಳೆ. ನನ್ನನ್ನು ಕಂದಾ ಎಂದು ಕರೆದು ಎಷ್ಟು ವರ್ಷವಾಯಿತೋ.

ಉರಿದವಳು ನಾನೊಬ್ಬಳೇ ಅಲ್ಲ. ಒಂದು ಸಂಜೆ ಅಪ್ಪ ತಮ್ಮ ಹಳೆಯ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತರು. "ಯಾರದ್ದೋ ಭುಜ ಅಷ್ಟು ಚೆನ್ನಾಗಿ ನೋಡ್ತೀಯಲ್ಲ, ನಂದು ಹೇಗೆ ಬಿದ್ದಿದೆ ನೋಡೇ."

ಅಮ್ಮ ತಲೆಯೆತ್ತಲಿಲ್ಲ. "ನಿಮ್ದು ಬಿದ್ದು ಇಪ್ಪತ್ತು ವರ್ಷ ಆಯ್ತು ರೀ."

ಅಮ್ಮ ಆಲ್ಬಮ್ ಕೇಳಲು ಹೋದ ದಿನ ನಾನು ಮನೆಯಲ್ಲಿ ಕೂತು, ಬಂದವರಿಗೆ ಶಾಲೆಯ ಸಮವಸ್ತ್ರಗಳನ್ನು ಎತ್ತಿ ಕೊಟ್ಟೆ. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಹಿಡಿದುಕೊಂಡೆ.

"ಹಾಡು ಹೇಗಿತ್ತು?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ?"

"ಅಂದ್ರೆ ಚೆನ್ನಾಗಿತ್ತು. ಬಾಯಿ ಬಿಡಬಾರ್ದು ಅಂತ ಸಹಿ ಹಾಕಿಸ್ಕೊಂಡಿದಾರೆ. ಆ ಕೋಟಿನ ತೋಳು ನಾನೇ ಸರಿ ಮಾಡಿ ಬಂದೆ. ಅವನು ಪಕ್ಕದಲ್ಲೇ ನಿಂತಿದ್ದ. ಅಳತೇನೂ ತಗೊಂಡೆ."

"ಅವನ ಅಳತೆನಾ?"

"ಇನ್ನೇನು, ಗೋಡೇದಾ?"

ನಾನು ಕೆಳಗೆ ಕೂತು ಅವಳ ಚಪ್ಪಲಿಯನ್ನು ನಾನೇ ಬಿಚ್ಚಿದೆ. "ಅಮ್ಮಾ, ನಾನು ನಿನ್ನ ಮಗಳು. ನನಗೊಬ್ಬಳಿಗೆ ಹೇಳು. ಒಂದೇ ಒಂದು ಸಾಲು."

ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು. ಸಿಟ್ಟೇನೂ ಇರಲಿಲ್ಲ. "ಮಗಳು ಅಂತಲೇ ಹೇಳ್ತಿಲ್ಲ. ನಿನಗೆ ಹೇಳಿದ್ದು ನಾಳೆ ಬಳಗದಲ್ಲಿ ನಿನ್ನ ಹೆಸರಲ್ಲಿ ಬರುತ್ತೆ."

ಅಷ್ಟೇ ಅಂದಳು. ಒಳಗೆ ಹೋಗಿ ಮುಖ ತೊಳೆದುಕೊಂಡು ಯಂತ್ರದ ಮುಂದೆ ಕೂತಳು. 

ಅಂದಿನಿಂದಲೇ ಈ ಗುನುಗು. ಆಲ್ಬಮ್ ನಾಲ್ಕನೇ ಸಲ ಮುಂದಕ್ಕೆ ಹೋಗಿದೆ. ಲೋಕವೆಲ್ಲ ಕಾಯುತ್ತಿದೆ. ನಮ್ಮ ಮುಂದಿನ ಕೋಣೆಯಲ್ಲಿ ಮಾತ್ರ ಅದು ಕಟಕಟದ ತಾಳಕ್ಕೆ ದಿನವೂ ಬಿಡುಗಡೆಯಾಗುತ್ತಿದೆ. ನಾನು ಬಾಗಿಲಿಗೆ ಬಂದರೆ ನಿಲ್ಲಿಸುತ್ತಾಳೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಬರಿಗೈಯಲ್ಲಿ ಬಂದರೆ ನಿಲ್ಲಿಸುತ್ತಾಳೆ. ಮೊನ್ನೆ ಏನೋ ಹೊಳೆದು, ಈ ಜನ್ಮದಲ್ಲಿ ಸೂಜಿ ಮುಟ್ಟದ ನಾನು, ಗುಂಡಿಯಿಲ್ಲದೆ ರಾಶಿ ಬಿದ್ದಿದ್ದ ಅಂಗಿಗಳಲ್ಲಿ ಒಂದನ್ನು ಎತ್ತಿಕೊಂಡು ಅವಳ ಪಕ್ಕ ಕೂತೆ. ಗುನುಗು ನಿಲ್ಲಲಿಲ್ಲ. ಹನ್ನೆರಡು ಅಂಗಿಗೆ ಗುಂಡಿ ಹಚ್ಚುವಷ್ಟರಲ್ಲಿ ಒಂದು ಪಲ್ಲವಿ ಪೂರ್ತಿ ಸಿಕ್ಕಿತು.

"ಸಹಿ ಹಾಕಿದೀನಿ ಅಂದೆ?" ಎಂದು ಮೆಲ್ಲಗೆ ಕೇಳಿದೆ.

"ಹೇಳಬಾರ್ದು ಅಂತ ಬರೆದಿತ್ತು. ಗುನುಗಬಾರ್ದು ಅಂತ ಇರ್ಲಿಲ್ಲ. ಆ ಗುಂಡಿ ಸೊಟ್ಟ ಆಗಿದೆ, ಬಿಚ್ಚು."

ನನ್ನ ಐದು ಬೆರಳುಗಳಿಗೂ ಸೂಜಿ ಚುಚ್ಚಿದೆ. ಇವತ್ತು ಇಡೀ ಒಂದು ಶಾಲೆಯ ಅಂಗಿಗಳು ಬಂದಿವೆ. ಯಂತ್ರದ ಪಕ್ಕ ಒಂದು ಪುಟ್ಟ ಮಣೆ ಇಟ್ಟು, ಅದರ ಮೇಲೆ ಗುಂಡಿಯ ಡಬ್ಬಿಯನ್ನೂ ಇಟ್ಟಿದ್ದಾಳೆ. ಒಂದು ಬಳಗಕ್ಕೆ ಒಂದೇ ಕುರ್ಚಿ ಎಂದಿದ್ದರಲ್ಲ, ನನ್ನದು ಇದಿರಬೇಕು. ಅಮ್ಮ ಇದನ್ನೆಲ್ಲ ಮೊದಲೇ ಯೋಚಿಸಿಕೊಂಡೇ ಅಲ್ಲಿಗೆ ಹೋಗಿದ್ದಳೋ ಏನೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ, ಅದನ್ನು ನಿಮಗೆ ವಿವರವಾಗಿಯೇ ಹೇಳುತ್ತಿದ್ದೆ, ಆದರೆ ಅಗೋ ಶುರುವಾಯಿತು, ಇದು ಹೊಸದು, ಮೊದಲ ಚರಣವೇ ಇರಬೇಕು, ನನ್ನ ಸೂಜಿ ಎಲ್ಲಿ, ಒಂದು ನಿಮಿಷ, ನಾನು ಹೋಗಿ