ಗಲಗಲಿಯ ಹೊಲದಲ್ಲಿ ಜಪಾನಿ ವಿಮಾನ

ಕಲ್ಮೇಶ ಆಟದ ವಿಮಾನಕ್ಕೆ ರೆಕ್ಕೆ ಅಂಟಿಸುತ್ತ ಕೂತಾಗೆಲ್ಲ ಅವನ ಮನೆಯ ಮಗ್ಗಗಳು ನಿಲ್ಲುತ್ತಿದ್ದವು. ಗಂಡ ಹೆಂಡಿರ ಜಗಳದ ಮೂಲ ಇಷ್ಟೇ. ಮಹಾಯುದ್ಧದ ಕಾಲದ ಜಪಾನಿ ಯುದ್ಧವಿಮಾನದ ಮಾದರಿ ಅದು. ಬಿಡಿಭಾಗಗಳ ಪೆಟ್ಟಿಗೆ ತರಿಸಿ, ತಾನೇ ಜೋಡಿಸಿ, ರಿಮೋಟಿನಿಂದ ಹಾರಿಸಬೇಕು. ಮಳೆಗಾಲದಿಂದ ರಬಕವಿಯ ಆ ಮನೆಯಲ್ಲಿ ಸೀರೆಗಿಂತ ಅದರ ಆರೈಕೆಯೇ ಹೆಚ್ಚಾಗಿತ್ತು.

“ಇವತ್ತ ಹಾರಲಿಲ್ಲಂದ್ರ ನಾಳೆ ಗುಜರಿಗೆ ಹಾಕ್ತೇನ್ರಿ,” ಎಂದಳು ಹೆಂಡತಿ ಉಜ್ವಲಾ.

ಓಣಿಯಲ್ಲಿ ಜಾಗವಿಲ್ಲ. ವಿಮಾನವನ್ನು ಎಳೆಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಇಬ್ಬರೂ ಗಲಗಲಿಗೆ, ಮಾವ ಬಸಗೊಂಡಪ್ಪನ ಹೊಲಕ್ಕೆ ಬಂದರು. ಜೋಳ ಹಾಲುಗಟ್ಟಿತ್ತು. ಗಿಳಿಗಳು ಮದುವೆಯೂಟದ ಪಂಕ್ತಿಯಂತೆ ತೆನೆಗಳ ಮೇಲೆ ಕೂತಿದ್ದವು. ಡಬ್ಬಿ ಬಾರಿಸಿ, ಕೂಗಿ, ಮಾವನ ದನಿ ಬಿದ್ದುಹೋಗಿತ್ತು.

ವಿಮಾನವನ್ನು ಬಂಡಿದಾರಿಯಲ್ಲಿ ಇಟ್ಟದ್ದೇ ತಡ, ಪಕ್ಕದ ಹೊಲದ ಯಲ್ಲಕ್ಕ ಓಡಿ ಬಂದಳು.

“ಹೊಸ ಗಾಡಿ, ಪೂಜಿ ಮಾಡದ ಬಿಡ್ತಾರೇನೋ ತಮ್ಮಾ?” ರೆಕ್ಕೆಯ ಮೇಲಿನ ಕೆಂಪು ವೃತ್ತ ನೋಡಿ, “ಕುಂಕುಮ ಛಲೋ ಹಚ್ಚೀದಿ. ನಿಂಬಿಹಣ್ಣ ಎಲ್ಲೈತಿ?”

“ಅದು ಜಪಾನಿನ ಗುರುತರಿ. ಗ್ರಾಮ್ ಲೆಕ್ಕದಾಗ ತೂಕಾ ಮಾಡೇನ್ರಿ ಯಲ್ಲಕ್ಕಾರ, ಮುಂದ ಭಾರ ಆದ್ರ ಏಳೂದಿಲ್ಲ.”

“ಲಾರಿಗೆ ಕಟ್ತಾರ. ಲಾರಿ ಓಡೂದಿಲ್ಲೇನು?”

ಯಲ್ಲಕ್ಕ ಕಟ್ಟಿದ ಬದುವಿನ ಗಿಡದ ಎರಡು ದಪ್ಪ ನಿಂಬೆಹಣ್ಣು, ಮೆಣಸಿನಕಾಯಿ ವಿಮಾನದ ಮೂತಿಯಡಿ ಜೋತುಬಿದ್ದವು. ವಿಮಾನ ಮಾರು ದೂರ ಓಡಿ, ಕೋಳಿಯಂತೆ ನೆಲ ಕುಕ್ಕಿತು.

“ಗುಜರಿಯಂವ ಮುಂಜಾನೆನ ಬರ್ತಾನ,” ಎಂದು ಉಜ್ವಲಾ ಗಾಳಿಗೆ ಹೇಳಿದಳು.

ಮಣ್ಣು ಒರೆಸುವ ನೆವದಲ್ಲಿ ಕಲ್ಮೇಶ ನಿಂಬೆಹಣ್ಣು ಕಿತ್ತು ಜೇಬಿಗಿಳಿಸಿದ. ಈ ಸಲ ವಿಮಾನ ಎದ್ದಿತು. ಕೃಷ್ಣೆಯ ಕಡೆಗೊಮ್ಮೆ ವಾಲಿ, ಗುಂಯ್ ಎಂದು ಜೋಳದ ಮೇಲೆ ಸುತ್ತು ಹಾಕಿತು. ಗಿಳಿಗಳು ಚೀರುತ್ತ ಹೊಳೆ ದಾಟಿದವು. ವಿಮಾನ ಕೊಕ್ಕರೆಯಂತೆ ಬಂದಿಳಿಯಿತು.

“ನೋಡಿದ್ಯಾ ನಿಂಬಿಹಣ್ಣಿನ ಮಹಿಮಾ!” ಎಂದಳು ಯಲ್ಲಕ್ಕ. ಕಲ್ಮೇಶ ಜೇಬಿನ ಮೇಲೆ ಕೈಯಿಟ್ಟುಕೊಂಡು ತಲೆಯಾಡಿಸಿದ.

“ಗುಜರಿ ಮಾತ ಬಿಟ್ಟೆ ನೋಡ್ರಿ,” ಎಂದು ಉಜ್ವಲಾ ನಕ್ಕಳು.

“ಅಳಿಯಂದ್ರ,” ಬಿದ್ದ ದನಿಯಲ್ಲೇ ಬಸಗೊಂಡಪ್ಪ ಹೇಳಿದ, “ಇದು ನಮ್ಮ ಹೊಲದಾಗ ಇರಲಿ.”

“ದಿನಾ ಬಂದು ಹಾರಸ್ತೇನ್ರಿ ಮಾವಾರ!”

“ಹಾರಸೂದ್ಯಾಕ್ರಿ? ಬಿದ್ದು ಮುರದೀತು. ಗಿಳಿಗೋಳಿಗೆ ಇದರ ಅಂಜಿಕಿ ಒಮ್ಮಿ ಕುಂತೈತಿ, ಇನ್ನ ಕಂಡ್ರ ಸಾಕು.”

ಹೊಲದ ನಡುವೆ ಬಿದಿರಿನ ಗಳ ನಿಂತಿತು. ಉಜ್ವಲಾ ಏಣಿ ಹಿಡಿದಳು. ಹಗ್ಗ, ವಿಮಾನ ಎರಡನ್ನೂ ಹಿಡಿದು ಹತ್ತಿದವನು ಕಲ್ಮೇಶ.

“ಬಿಗೀರಿ, ಇನ್ನೂ ಬಿಗೀರಿ,” ಎಂದು ಮಾವ ಕೆಳಗಿನಿಂದ ಒಡಕು ದನಿಯಲ್ಲೇ ಕೂಗಿದ. “ಒಟ್ಟ ಅಲುಗಾಡಬಾರ್ದು!”